ಪೈಥಾನ್‌ನ ಐಟರೇಟರ್, ಜನರೇಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಕಾಲೇಜಿನಲ್ಲೋ ಕೆಲಸದ ಹುಡುಕಾಟದಲ್ಲೋ ಇರುವವರಿಗಾಗಿ ಬರೆದದ್ದು ಇದು. ಹೈಸ್ಕೂಲಿನ ಐಸಿಟಿ ಪಾಠದಲ್ಲಿ ಪೈಥಾನ್‌ನ ಫಾರ್ ಲೂಪ್ ನೋಡಿದ್ದರೆ ಸಾಕು. ಕೋಡನ್ನು ಬಾಯಿಬಿಟ್ಟು ಓದುವ ಹಾಗೆ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಕೀಬೋರ್ಡಿನಲ್ಲಿ ಮಾತ್ರ ಪೈಥಾನ್‌ನ ಪದಗಳನ್ನು ಇಂಗ್ಲಿಷಿನಲ್ಲೇ ಒತ್ತಬೇಕು.

ಪ್ರಶ್ನೆ: ಫಾರ್ ಲೂಪ್ ಚೆನ್ನಾಗಿಯೇ ಓಡುತ್ತದಲ್ಲ, ಐಟರೇಟರ್ ಅಂತ ಬೇರೆ ಯಾಕೆ ಕಲಿಯಬೇಕು?

ಫಾರ್ ಲೂಪ್ ಓಡುವುದೇ ಐಟರೇಟರ್ ಮೇಲೆ. ನಿಲ್ದಾಣಗಳು ಅಂತ ಒಂದು ಲಿಸ್ಟ್ ಮಾಡಿ. ಅದರಲ್ಲಿ ಮಂಗಳೂರಿನಿಂದ ದಕ್ಷಿಣಕ್ಕೆ ಬರುವ ರೈಲಿನ ದಾರಿಯಂತೆ ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಇರಲಿ. 'ಫಾರ್ ಊರು ಇನ್ ನಿಲ್ದಾಣಗಳು' ಎಂದಾಗ ಪೈಥಾನ್ ಮೊದಲು ಐಟರ್ ಎಂಬ ಫಂಕ್ಷನ್‌ಗೆ ಆ ಲಿಸ್ಟನ್ನು ಕೊಡುತ್ತದೆ. ಐಟರ್ ಒಂದು ಐಟರೇಟರನ್ನು ವಾಪಸು ಕೊಡುತ್ತದೆ. ಆಮೇಲೆ ಪೈಥಾನ್ ಅದರ ಮೇಲೆ ನೆಕ್ಸ್ಟ್, ನೆಕ್ಸ್ಟ್ ಅಂತ ಕರೆಯುತ್ತಾ ಹೋಗುತ್ತದೆ. ಪ್ರತಿ ಸಲ ಒಂದು ಊರು ಬರುತ್ತದೆ. ಕಾಸರಗೋಡು ಬಂದ ಮೇಲೆ ಇನ್ನೊಮ್ಮೆ ಕೇಳಿದರೆ 'ಸ್ಟಾಪ್ ಇಟರೇಷನ್' ಎಂಬ ಎಕ್ಸೆಪ್ಷನ್ ಬರುತ್ತದೆ. ಫಾರ್ ಲೂಪ್ ಅದನ್ನು ತಾನೇ ಹಿಡಿದುಕೊಂಡು ಸದ್ದಿಲ್ಲದೆ ನಿಲ್ಲುತ್ತದೆ.

ಇದನ್ನು ನಂಬಬೇಡಿ, ಮಾಡಿ ನೋಡಿ. ಪೈಥಾನ್ ಶೆಲ್ ತೆರೆದು, ಐಟರ್‌ನಿಂದ ಬಂದದ್ದನ್ನು ಒಂದು ಹೆಸರಿನಲ್ಲಿ ಇಟ್ಟು, ಕೈಯಾರೆ ಐದು ಸಲ ನೆಕ್ಸ್ಟ್ ಕರೆಯಿರಿ. ಐದನೆಯದಕ್ಕೆ ಎರರ್ ಬಂದರೆ ಅರ್ಧ ಪಾಠ ಮುಗಿದಂತೆ.

ಪ್ರಶ್ನೆ: ಐಟರೆಬಲ್, ಐಟರೇಟರ್ ಎರಡೂ ಒಂದೇ ಅಲ್ವಾ? ಇಂಟರ್‌ವ್ಯೂನಲ್ಲಿ ಇದನ್ನೇ ಕೇಳುತ್ತಾರೆ.

ಒಂದೇ ಅಲ್ಲ. ಯಾವುದನ್ನು ಐಟರ್‌ಗೆ ಕೊಡಬಹುದೋ ಅದು ಐಟರೆಬಲ್. ಲಿಸ್ಟ್, ಟಪಲ್, ಡಿಕ್ಷನರಿ, ಸೆಟ್, ಸ್ಟ್ರಿಂಗ್, ಫೈಲ್ ಎಲ್ಲವೂ ಐಟರೆಬಲ್. ಯಾವುದಕ್ಕೆ ನೆಕ್ಸ್ಟ್ ಕೇಳಬಹುದೋ ಅದು ಐಟರೇಟರ್. ಎಲ್ಲಿವರೆಗೆ ಬಂದಿದ್ದೇವೆ ಎಂಬ ಗುರುತು ಇರುವುದು ಐಟರೇಟರ್‌ನಲ್ಲಿ, ಲಿಸ್ಟ್‌ನಲ್ಲಿ ಅಲ್ಲ. ಅದಕ್ಕೇ ಒಂದೇ ಲಿಸ್ಟ್ ಮೇಲೆ ಒಂದರೊಳಗೊಂದು ಎರಡು ಲೂಪ್ ಹಾಕಿದರೂ ಗೊಂದಲ ಆಗುವುದಿಲ್ಲ. ಪ್ರತಿ ಲೂಪಿಗೂ ಹೊಸ ಐಟರೇಟರ್ ಸಿಗುತ್ತದೆ.

ಐಟರೇಟರನ್ನೇ ಐಟರ್‌ಗೆ ಕೊಟ್ಟರೆ? ಅದು ತನ್ನನ್ನೇ ವಾಪಸು ಕೊಡುತ್ತದೆ. ಹಾಗಾಗಿ ಎಲ್ಲ ಐಟರೇಟರ್‌ಗಳೂ ಐಟರೆಬಲ್, ಆದರೆ ಎಲ್ಲ ಐಟರೆಬಲ್‌ಗಳೂ ಐಟರೇಟರ್ ಅಲ್ಲ. ಇಂಟರ್‌ವ್ಯೂನಲ್ಲಿ ಈ ವಾಕ್ಯ ಹೇಳಿ ಸುಮ್ಮನಾಗಬೇಡಿ. ಮುಂದಿನ ಪ್ರಶ್ನೆಯ ಉದಾಹರಣೆಯನ್ನೂ ಕೊಡಿ.

ಪ್ರಶ್ನೆ: ಒಂದು ಸಲ ಲೂಪ್ ಹಾಕಿದಾಗ ಎಲ್ಲ ಬಂತು. ಎರಡನೇ ಸಲ ಏನೂ ಇಲ್ಲ, ಎರರ್ ಕೂಡ ಇಲ್ಲ. ಯಾಕೆ?

ಈ ವಿಷಯದಲ್ಲಿ ಅತಿ ಹೆಚ್ಚು ಸಮಯ ತಿನ್ನುವ ತೊಂದರೆ ಇದು. ನೀವು ಲೂಪ್ ಹಾಕಿದ್ದು ಐಟರೆಬಲ್ ಮೇಲಲ್ಲ, ಐಟರೇಟರ್ ಮೇಲೆ. ಒಮ್ಮೆ ಕೊನೆ ಮುಟ್ಟಿದ ಐಟರೇಟರ್ ಮತ್ತೆ ಮೊದಲಿಗೆ ಹೋಗುವುದಿಲ್ಲ. ಖಾಲಿ ಎನ್ನುವುದು ಪೈಥಾನ್ ಮಟ್ಟಿಗೆ ತಪ್ಪಲ್ಲ, ಹಾಗಾಗಿ ಎರರ್ ಇಲ್ಲ.

ತೆರೆದ ಫೈಲ್ ತನಗೆ ತಾನೇ ಐಟರೇಟರ್. ಸಾಲುಗಳನ್ನು ಎಣಿಸಲು ಒಂದು ಲೂಪ್, ಓದಲು ಇನ್ನೊಂದು ಲೂಪ್ ಹಾಕಿದರೆ ಎರಡನೆಯದು ಬರಿಗೈ. ಸೀಕ್‌ಗೆ ಸೊನ್ನೆ ಕೊಟ್ಟು ಹಿಂದಕ್ಕೆ ಹೋಗಬಹುದು, ಅಥವಾ ಫೈಲನ್ನು ಮತ್ತೆ ತೆರೆಯಬಹುದು. ಮ್ಯಾಪ್, ಫಿಲ್ಟರ್, ಜಿಪ್ ಕೂಡ ಹೀಗೆಯೇ. 2008ರಲ್ಲಿ ಪೈಥಾನ್ 3.0 ಬಂದಾಗಿನಿಂದ ಇವು ಲಿಸ್ಟ್ ಬದಲು ಐಟರೇಟರ್ ಕೊಡುತ್ತವೆ. ಹಳೆಯ ಪೈಥಾನ್ 2 ಪುಸ್ತಕ ಇಟ್ಟುಕೊಂಡು ಕಲಿಯುವವರು ಇಲ್ಲೇ ಎಡವುತ್ತಾರೆ.

ಇನ್ನೊಂದು ಗುಟ್ಟಿನ ಜಾಗ 'ಇನ್'. ಐಟರೇಟರ್‌ನಲ್ಲಿ ಕುಂಬಳೆ ಇದೆಯೇ ಅಂತ 'ಇನ್' ಹಾಕಿ ಕೇಳಿದರೆ, ಕುಂಬಳೆ ಸಿಗುವ ತನಕದ ಎಲ್ಲವೂ ಖರ್ಚಾಗುತ್ತದೆ. ಆಮೇಲೆ ಲೂಪ್ ಹಾಕಿದರೆ ಕಾಸರಗೋಡು ಒಂದೇ ಉಳಿದಿರುತ್ತದೆ. ಖಾಲಿಯಾಗಿದೆಯೇ ಎಂದು ನೋಡಲು 'ಇಫ್' ಹಾಕಿದರೂ ಪ್ರಯೋಜನ ಇಲ್ಲ. ಜನರೇಟರ್ (ಈಲ್ಡ್ ಬಳಸಿ ಸುಲಭವಾಗಿ ಮಾಡುವ ಐಟರೇಟರ್, ಮುಂದೆ ಬರುತ್ತದೆ) ಖಾಲಿ ಇದ್ದರೂ ಅದು ಟ್ರೂ ಅಂತಲೇ ಹೇಳುತ್ತದೆ.

ಪ್ರಶ್ನೆ: ಹಾಗಾದರೆ ರೇಂಜ್ ಐಟರೇಟರ್ ತಾನೇ?

ಅಲ್ಲ. ರೇಂಜ್ ಮೇಲೆ ನೆಕ್ಸ್ಟ್ ಕರೆದು ನೋಡಿ, ಎರರ್ ಬರುತ್ತದೆ. ಅದರ ಉದ್ದ ಕೇಳಬಹುದು, ಐದನೆಯದು ಯಾವುದು ಅಂತ ಕೇಳಬಹುದು, ಎಷ್ಟು ಸಲ ಬೇಕಾದರೂ ಲೂಪ್ ಹಾಕಬಹುದು. ಸಂಖ್ಯೆಗಳನ್ನೆಲ್ಲ ಮೊದಲೇ ಮಾಡಿ ಇಡುವುದಿಲ್ಲ ಎಂಬುದಷ್ಟೇ ಅದರ ವಿಶೇಷ.

ಪ್ರಶ್ನೆ: ನಮ್ಮದೇ ಐಟರೇಟರ್ ಬರೆಯಲು ಕ್ಲಾಸ್ ಬೇಕೇ?

ಬರೆಯಬಹುದು. ಕ್ಲಾಸ್ ಒಳಗೆ ಎರಡು ಮೆಥಡ್ ಇಟ್ಟರೆ ಆಯಿತು: ಡಂಡರ್ ಐಟರ್, ಡಂಡರ್ ನೆಕ್ಸ್ಟ್. ಡಂಡರ್ ಅಂದರೆ ಹೆಸರಿನ ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್. ಮೊದಲನೆಯದು ಸೆಲ್ಫ್ ಅನ್ನು ವಾಪಸು ಕೊಡಬೇಕು. ಎರಡನೆಯದು ಮುಂದಿನ ವಸ್ತುವನ್ನು ಕೊಡಬೇಕು, ಮುಗಿದಾಗ ಸ್ಟಾಪ್ ಇಟರೇಷನ್ ಎಬ್ಬಿಸಬೇಕು. ಕಲಿಕೆಗೆ ಒಂದು ಸಲ ಬರೆಯಿರಿ. ಆಮೇಲೆ ದಿನನಿತ್ಯದ ಕೆಲಸಕ್ಕೆ ಜನರೇಟರ್ ಸಾಕು. ಹದಿನೈದು ಸಾಲಿನ ಕ್ಲಾಸು ಅಲ್ಲಿ ನಾಲ್ಕು ಸಾಲಿಗೆ ಇಳಿಯುತ್ತದೆ.

ಪ್ರಶ್ನೆ: ಈಲ್ಡ್ ನಿಜವಾಗಿ ಏನು ಮಾಡುತ್ತದೆ? ರಿಟರ್ನ್‌ಗೂ ಅದಕ್ಕೂ ಏನು ವ್ಯತ್ಯಾಸ?

ರಿಟರ್ನ್ ಬಂದರೆ ಫಂಕ್ಷನ್ ಮುಗಿಯಿತು. ಅದರ ಒಳಗಿನ ವೇರಿಯಬಲ್‌ಗಳೂ ಹೋದವು. ಈಲ್ಡ್ ಬಂದರೆ ಫಂಕ್ಷನ್ ಒಂದು ಬೆಲೆಯನ್ನು ಹೊರಗೆ ಕೊಟ್ಟು ಅಲ್ಲೇ ನಿಲ್ಲುತ್ತದೆ. ವೇರಿಯಬಲ್‌ಗಳು ಹಾಗೆಯೇ ಇರುತ್ತವೆ. ಇನ್ನೊಂದು ನೆಕ್ಸ್ಟ್ ಬಂದಾಗ ಈಲ್ಡ್‌ನ ಮುಂದಿನ ಸಾಲಿನಿಂದ ಓಡುತ್ತದೆ.

ತಾಳಮದ್ದಳೆ ನೋಡಿದವರಿಗೆ ಇದು ಕಷ್ಟವಲ್ಲ. ಭಾಗವತರು ಒಂದು ಪದ್ಯ ಹಾಡಿ ನಿಲ್ಲಿಸುತ್ತಾರೆ. ಅರ್ಥಧಾರಿ ಮಾತಾಡುತ್ತಾರೆ, ಅದು ಐದು ನಿಮಿಷವಾಗಲಿ ಅರ್ಧ ಗಂಟೆಯಾಗಲಿ. ಮಾತು ಮುಗಿದಾಗ ಭಾಗವತರು ಪ್ರಸಂಗವನ್ನು ಮೊದಲಿನಿಂದ ಎತ್ತಿಕೊಳ್ಳುವುದಿಲ್ಲ, ಮುಂದಿನ ಪದ್ಯಕ್ಕೆ ಹೋಗುತ್ತಾರೆ. ಜನರೇಟರ್ ಇಲ್ಲಿ ಭಾಗವತ, ನಿಮ್ಮ ಫಾರ್ ಲೂಪಿನ ಒಳಗಿನ ಕೋಡ್ ಅರ್ಥಧಾರಿ.

ಈಲ್ಡ್ ಪೈಥಾನ್‌ಗೆ ಬಂದದ್ದು 2001ರ ಕೊನೆಗೆ, 2.2ನೇ ಆವೃತ್ತಿಯಲ್ಲಿ. ಐಟರೇಟರ್ ಪದ್ಧತಿಯೂ ಅದೇ ಆವೃತ್ತಿಯದು. ಈ ಯೋಚನೆ ಪೈಥಾನ್‌ನ ಸ್ವಂತದ್ದಲ್ಲ. ಐಕಾನ್ ಎಂಬ ಭಾಷೆಯಲ್ಲಿ ಜನರೇಟರ್ ಅದಕ್ಕೂ ಮೊದಲೇ ಇತ್ತು. 1970ರ ದಶಕದಲ್ಲಿ ಬಾರ್ಬರಾ ಲಿಸ್ಕೋವ್ ತಂಡ ಮಾಡಿದ ಸಿಎಲ್‌ಯು ಭಾಷೆಯಲ್ಲಿ ಈಲ್ಡ್ ಇತ್ತು.

ಪ್ರಶ್ನೆ: ಜನರೇಟರ್ ಫಂಕ್ಷನ್ ಕರೆದೆ, ಒಳಗಿನ ಪ್ರಿಂಟ್ ಕೂಡ ಬರಲಿಲ್ಲ. ಪೈಥಾನ್ ಕೆಟ್ಟಿದೆಯಾ?

ಇಲ್ಲ ಮಾರಾಯ್ರೇ. ಫಂಕ್ಷನ್‌ನಲ್ಲಿ ಎಲ್ಲಾದರೂ ಒಂದು ಈಲ್ಡ್ ಇದ್ದರೆ ಅದನ್ನು ಕರೆದಾಗ ಒಳಗಿನ ಒಂದು ಸಾಲೂ ಓಡುವುದಿಲ್ಲ. ಜನರೇಟರ್ ಆಬ್ಜೆಕ್ಟ್ ಮಾತ್ರ ಕೈಗೆ ಬರುತ್ತದೆ. ಮೊದಲ ನೆಕ್ಸ್ಟ್ ಬಂದಾಗಲೇ ಕೆಲಸ ಶುರು. ಕೇಳುವವರಿಲ್ಲದಿದ್ದರೆ ಜನರೇಟರ್ ಏನೂ ಮಾಡುವುದಿಲ್ಲ. ಈ ಒಂದು ಮಾತು ತಲೆಯಲ್ಲಿ ಕೂತರೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಬಹುದು.

ಪ್ರಶ್ನೆ: ಮೆಮೊರಿ ಉಳಿಯುತ್ತದೆ ಅಂತಾರೆ. ಎಷ್ಟು?

10 ಲಕ್ಷ ಸಂಖ್ಯೆಗಳ ಲಿಸ್ಟ್ ತೆಗೆದುಕೊಳ್ಳಿ. 64 ಬಿಟ್ ಯಂತ್ರದಲ್ಲಿ ಲಿಸ್ಟಿನ ಒಂದೊಂದು ಖಾನೆಗೆ 8 ಬೈಟ್. ಖಾನೆಗಳಿಗೇ 80 ಲಕ್ಷ ಬೈಟ್ ಆಯಿತು, ಅಂದರೆ ಸುಮಾರು 8 ಎಂಬಿ. ಒಳಗಿನ ಸಂಖ್ಯೆಗಳದ್ದು ಬೇರೆ. ಸಾಮಾನ್ಯ ಸಣ್ಣ ಸಂಖ್ಯೆ ಒಂದಕ್ಕೆ 28 ಬೈಟ್. ಒಟ್ಟು 36 ಎಂಬಿ ಹತ್ತಿರ ಬರುತ್ತದೆ. ಅದೇ ಕೆಲಸ ಮಾಡುವ ಜನರೇಟರ್ ಆಬ್ಜೆಕ್ಟ್ ಕೆಲವು ನೂರು ಬೈಟ್ ಮಾತ್ರ. 10 ಲಕ್ಷದ ಬದಲು 10 ಕೋಟಿ ಆದರೂ ಅಷ್ಟೇ. 'ಸಿಸ್' ಮಾಡ್ಯೂಲಿನ ಗೆಟ್‌ಸೈಜ್‌ಆಫ್ ಹಾಕಿ ನೋಡಿ. ಆದರೆ ಅದು ಲಿಸ್ಟಿನ ಖಾನೆಗಳ ಲೆಕ್ಕ ಮಾತ್ರ ಕೊಡುತ್ತದೆ, ಒಳಗಿನ ವಸ್ತುಗಳದ್ದು ಸೇರಿಸುವುದಿಲ್ಲ.

ಪ್ರಶ್ನೆ: ನಿಜವಾದ ಕೆಲಸದ ಉದಾಹರಣೆ ಕೊಡಿ. ಫಿಬೊನಾಚಿ ಸಾಕಾಗಿದೆ.

ಅಡಿಕೆ ಧಾರಣೆ ತಗೊಳ್ಳೋಣ. ನಮ್ಮ ಕಡೆ ಮನೆಮನೆಗೆ ಬೇಕಾದ ಲೆಕ್ಕ. ಒಂದು ದೊಡ್ಡ ಫೈಲ್ ಇದೆ ಎನ್ನಿ, ಹಲವು ವರ್ಷಗಳದ್ದು. ಪ್ರತಿ ಸಾಲಿನಲ್ಲಿ ದಿನಾಂಕ, ಪೇಟೆ, ಬಗೆ, ಕಿಲೋಗೆ ದರ. ಬಗೆ ಅಂದರೆ ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಹೀಗೆ. ನಮಗೆ ಬೇಕಾದ್ದು ಬದಿಯಡ್ಕ ಪೇಟೆಯ ಹೊಸ ಅಡಿಕೆಯ ಸರಾಸರಿ.

ಮೊದಲ ಜನರೇಟರ್ ಫೈಲ್ ತೆರೆದು ಒಂದೊಂದೇ ಸಾಲು ಈಲ್ಡ್ ಮಾಡುತ್ತದೆ, ಖಾಲಿ ಸಾಲು ಬಿಡುತ್ತದೆ. ಎರಡನೆಯದು ಮೊದಲನೆಯದರಿಂದ ಸಾಲು ತೆಗೆದುಕೊಂಡು ಅಲ್ಪವಿರಾಮದಲ್ಲಿ ಒಡೆದು ನಾಲ್ಕು ಭಾಗ ಕೊಡುತ್ತದೆ. ಮೂರನೆಯದು ಪೇಟೆ ಮತ್ತು ಬಗೆ ನೋಡಿ ಬೇಕಾದ್ದನ್ನು ಮಾತ್ರ ಮುಂದೆ ಬಿಡುತ್ತದೆ. ನಾಲ್ಕನೆಯದು ದರವನ್ನು ಸಂಖ್ಯೆ ಮಾಡುತ್ತದೆ. ಒಂದರ ಬಾಯಿಗೆ ಇನ್ನೊಂದನ್ನು ಜೋಡಿಸಿದ ಮೇಲೂ ಫೈಲಿನ ಒಂದಕ್ಷರ ಓದಿರುವುದಿಲ್ಲ. ಕೊನೆಯಲ್ಲಿ ಲೂಪ್ ಹಾಕಿದಾಗ ನಾಲ್ಕನೆಯದು ಮೂರನೆಯದನ್ನು ಕೇಳುತ್ತದೆ, ಅದು ಎರಡನೆಯದನ್ನು, ಅದು ಮೊದಲನೆಯದನ್ನು. ಒಂದು ಸಾಲು ಕೊನೆತನಕ ಹೋಗಿ ಲೆಕ್ಕಕ್ಕೆ ಸೇರಿದ ಮೇಲೆಯೇ ಮುಂದಿನ ಸಾಲಿನ ಸರದಿ. ಲ್ಯಾಪ್‌ಟಾಪಿನಲ್ಲಿ 4 ಜಿಬಿ ರ್‍ಯಾಮ್ ಇದ್ದರೂ ಅದಕ್ಕಿಂತ ದೊಡ್ಡ ಫೈಲ್ ಓಡುತ್ತದೆ.

ಕೆಲವು ಕಿವಿಮಾತು. ಮೊದಲ ಸಾಲು ತಲೆಬರಹ ಆಗಿದ್ದರೆ ಲೂಪಿಗೆ ಮೊದಲು ಒಂದೇ ಒಂದು ನೆಕ್ಸ್ಟ್ ಕರೆದು ಅದನ್ನು ದಾಟಿಸಿ. ಸರಾಸರಿಗೆ ಮೊತ್ತವೂ ಬೇಕು, ಎಣಿಕೆಯೂ ಬೇಕು. ಸಮ್ ಹಾಕಿ ಆಮೇಲೆ ಲೆನ್ ಹಾಕಲು ಹೋಗಬೇಡಿ. ಸಮ್ ಎಲ್ಲವನ್ನೂ ತಿಂದಿರುತ್ತದೆ, ಜನರೇಟರ್‌ಗೆ ಲೆನ್ ಇಲ್ಲವೇ ಇಲ್ಲ. ಒಂದೇ ಲೂಪಿನಲ್ಲಿ ಎರಡು ವೇರಿಯಬಲ್ ಹೆಚ್ಚಿಸುತ್ತಾ ಹೋಗಿ. ಸಾಲಿನ ಒಳಗೆ ಉದ್ಧರಣ ಚಿಹ್ನೆ, ಅದರೊಳಗೆ ಅಲ್ಪವಿರಾಮ ಎಲ್ಲ ಇದ್ದರೆ ಕೈಯಾರೆ ಒಡೆಯಬೇಡಿ. ಸಿಎಸ್‌ವಿ ಮಾಡ್ಯೂಲಿನ ರೀಡರ್ ಬಳಸಿ, ಅದೂ ಐಟರೇಟರೇ.

ದರದ ಜಾಗದಲ್ಲಿ ಯಾರೋ 'ರಜೆ' ಅಂತ ಬರೆದಿದ್ದರೆ? ವ್ಯಾಲ್ಯೂ ಎರರ್ ಬರುತ್ತದೆ. ಆದರೆ ಜನರೇಟರ್ ಜೋಡಿಸಿದ ಸಾಲಿನಲ್ಲಿ ಅಲ್ಲ, ಕೊನೆಯ ಲೂಪ್ ಓಡುವಾಗ. ಎರರ್ ಪಟ್ಟಿಯ ಕೆಳತುದಿಯಿಂದ ಓದುವ ಅಭ್ಯಾಸ ಮಾಡಿಕೊಳ್ಳಿ, ನಿಜವಾದ ಜಾಗ ಅಲ್ಲೇ ಇರುತ್ತದೆ.

ಪ್ರಶ್ನೆ: 'ಮುಚ್ಚಿದ ಫೈಲಿನ ಮೇಲೆ ಕೆಲಸ' ಅಂತ ಎರರ್ ಬರುತ್ತಿದೆ. ನಾನು ಫೈಲ್ ಮುಚ್ಚಿಯೇ ಇಲ್ಲ!

ನೀವು ಮುಚ್ಚಿಲ್ಲ, 'ವಿತ್' ಮುಚ್ಚಿದೆ. ಒಂದು ಫಂಕ್ಷನ್‌ನಲ್ಲಿ 'ವಿತ್ ಓಪನ್' ಹಾಕಿ, ಅದರ ಒಳಗಿನಿಂದ ಜನರೇಟರ್ ಎಕ್ಸ್‌ಪ್ರೆಷನ್ ಒಂದನ್ನು (ದುಂಡು ಆವರಣದೊಳಗೆ ಒಂದೇ ಸಾಲಿನಲ್ಲಿ ಫಾರ್ ಬರೆದು ಮಾಡುವ ಜನರೇಟರ್) ರಿಟರ್ನ್ ಮಾಡಿದ್ದೀರಿ ಅಲ್ವಾ? ರಿಟರ್ನ್ ಆದ ಕ್ಷಣ ವಿತ್ ಮುಗಿಯಿತು, ಫೈಲ್ ಮುಚ್ಚಿತು. ಸಾಲು ಕೇಳುವುದು ಅದಾದ ಮೇಲೆ. ರಿಟರ್ನ್ ತೆಗೆದು ವಿತ್ ಒಳಗೇ ಲೂಪ್ ಹಾಕಿ ಈಲ್ಡ್ ಮಾಡಿ. ಆಗ ಫಂಕ್ಷನ್ ನಿಂತಿರುವಷ್ಟು ಹೊತ್ತೂ ಫೈಲ್ ತೆರೆದೇ ಇರುತ್ತದೆ.

ಪ್ರಶ್ನೆ: ಕನ್ನಡ ಪದವನ್ನು ಫಾರ್ ಲೂಪಿಗೆ ಕೊಟ್ಟರೆ ಕಾಗುಣಿತ ಯಾಕೆ ಒಡೆದುಹೋಗುತ್ತದೆ?

ಸ್ಟ್ರಿಂಗ್‌ನ ಐಟರೇಟರ್ ಕೊಡುವುದು ಯೂನಿಕೋಡ್‌ನ ಒಂದೊಂದು ಕೋಡ್ ಪಾಯಿಂಟನ್ನು, ಅಂದರೆ ತನ್ನದೇ ಸಂಖ್ಯೆ ಇರುವ ಒಂದೊಂದು ತುಂಡನ್ನು. ನಾವು ಬರೆಯುವ ಅಕ್ಷರವನ್ನಲ್ಲ. 'ಮಂಜೇಶ್ವರ' ಕೊಟ್ಟರೆ 8 ತುಂಡು ಬರುತ್ತವೆ: ಮ, ಸೊನ್ನೆ, ಜ, ಏತ್ವದ ದೀರ್ಘ ಚಿಹ್ನೆ, ಶ, ಅರ್ಧಾಕ್ಷರದ ಚಿಹ್ನೆ, ವ, ರ. ಒಂದನೇ ತರಗತಿಯ ಮಗುವನ್ನು ಕೇಳಿದರೆ ಅಕ್ಷರ ನಾಲ್ಕೇ: ಮಂ, ಜೇ, ಶ್ವ, ರ. ಲೆನ್ ಕೇಳಿದರೂ 8 ಅಂತಲೇ ಬರುತ್ತದೆ. ಪದಬಂಧ, ಪ್ರಾಸ ಹುಡುಕುವ ಪ್ರೋಗ್ರಾಂ ಬರೆಯುವವರು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಜನರೇಟರ್ ಇಲ್ಲಿ ಹೇಳಿ ಮಾಡಿಸಿದ ಹಾಗೆ ಕೆಲಸಕ್ಕೆ ಬರುತ್ತದೆ. 'ಅಕ್ಷರಗಳು' ಎಂಬ ಫಂಕ್ಷನ್ ಬರೆಯಿರಿ. ಒಳಗೆ 'ಕೈಯಲ್ಲಿರುವುದು' ಎಂಬ ಖಾಲಿ ಸ್ಟ್ರಿಂಗ್. ಪದದ ಒಂದೊಂದು ತುಂಡನ್ನೂ ಯೂನಿಕೋಡ್‌ಡೇಟಾ ಮಾಡ್ಯೂಲಿನ ಕೆಟಗರಿ ಫಂಕ್ಷನ್‌ಗೆ ಕೊಡಿ. ಉತ್ತರ ಎಂ ಅಕ್ಷರದಿಂದ ಶುರುವಾದರೆ ಅದು ಚಿಹ್ನೆ, ಕೈಯಲ್ಲಿರುವುದಕ್ಕೆ ಅಂಟಿಸಿ. ಕೈಯಲ್ಲಿರುವುದರ ಕೊನೆಯ ತುಂಡು ಅರ್ಧಾಕ್ಷರದ ಚಿಹ್ನೆಯಾಗಿದ್ದರೆ, ಈಗ ಬಂದದ್ದು ಒತ್ತಕ್ಷರ. ಅದನ್ನೂ ಅಂಟಿಸಿ. ಎರಡೂ ಅಲ್ಲದಿದ್ದರೆ ಹೊಸ ಅಕ್ಷರ ಶುರುವಾಯಿತು ಅಂತ ಅರ್ಥ. ಕೈಯಲ್ಲಿರುವುದು ಖಾಲಿ ಅಲ್ಲದಿದ್ದರೆ ಈಲ್ಡ್ ಮಾಡಿ, ಹೊಸದನ್ನು ಹಿಡಿದುಕೊಳ್ಳಿ. ಲೂಪ್ ಮುಗಿದ ಮೇಲೆ ಇನ್ನೊಂದು ಈಲ್ಡ್ ಬೇಕು, ಇಲ್ಲದಿದ್ದರೆ ಕೊನೆಯ ಅಕ್ಷರ ಕೈಯಲ್ಲೇ ಉಳಿಯುತ್ತದೆ. ಎಲ್ಲ ಹೆಣೆದರೂ ಹತ್ತು ಹನ್ನೆರಡು ಸಾಲು. ಇದನ್ನೇ ಕ್ಲಾಸ್ ಮಾಡಿ ಬರೆಯಲು ಹೋದರೆ ಆ 'ಕೈಯಲ್ಲಿರುವುದು' ಎಲ್ಲಿಡಬೇಕು ಅಂತ ತಲೆಕೆಡಿಸಿಕೊಳ್ಳಬೇಕು.

ಅಂದಹಾಗೆ ಫಂಕ್ಷನ್‌ಗೆ 'ಅಕ್ಷರಗಳು' ಅಂತ ಕನ್ನಡದಲ್ಲೇ ಹೆಸರಿಡಬಹುದು, ಪೈಥಾನ್ 3 ಒಪ್ಪುತ್ತದೆ. ಇಂಟ್ ಫಂಕ್ಷನ್‌ಗೆ '೧೯೫೬' ಎಂಬ ಸ್ಟ್ರಿಂಗ್ ಕೊಟ್ಟರೆ 1956 ಕೂಡ ಬರುತ್ತದೆ. ಕೋಡಿನಲ್ಲಿ ನೇರವಾಗಿ ೧೯೫೬ ಅಂತ ಬರೆದರೆ ಮಾತ್ರ ಒಪ್ಪುವುದಿಲ್ಲ.

ಪ್ರಶ್ನೆ: ಫೈಲಿನಲ್ಲಿ ಕನ್ನಡ, ಮಲಯಾಳ ಸಾಲುಗಳು ಬೆರೆತಿವೆ. ಬೇರೆ ಮಾಡುವುದು ಹೇಗೆ?

ಎರಡು ಭಾಷೆಯ ನೋಟಿಸು ನಮ್ಮಲ್ಲಿ ಹೊಸತಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಕೊಟ್ಟ ಜಾಗ 3200ರಿಂದ 3327. ಮಲಯಾಳದ್ದು 3328ರಿಂದ 3455. ನಡುವೆ ಒಂದು ಸಂಖ್ಯೆಯ ತೆರಪೂ ಇಲ್ಲ, ಅಲ್ಲೂ ನಾವು ನೆರೆಕರೆಯವರೇ! ಆರ್ಡ್ ಫಂಕ್ಷನ್ ಪ್ರತಿ ತುಂಡಿನ ಸಂಖ್ಯೆ ಕೊಡುತ್ತದೆ. ಸಾಲಿನಲ್ಲಿ ಕನ್ನಡದ ಒಂದಾದರೂ ತುಂಡು ಇದೆಯೇ ಎಂದು ಎನಿ ಫಂಕ್ಷನ್‌ಗೆ ಜನರೇಟರ್ ಎಕ್ಸ್‌ಪ್ರೆಷನ್ ಕೊಟ್ಟು ಕೇಳಿ. ಮೊದಲ ಕನ್ನಡ ಅಕ್ಷರ ಸಿಕ್ಕ ಕೂಡಲೇ ಎನಿ ನಿಲ್ಲುತ್ತದೆ, ಸಾಲಿನ ಉಳಿದ ಭಾಗ ನೋಡುವುದಿಲ್ಲ. ಚೌಕ ಆವರಣ ಹಾಕಿ ಲಿಸ್ಟ್ ಕೊಟ್ಟಿದ್ದರೆ ಇಡೀ ಸಾಲು ನೋಡಿ ಮುಗಿಸಿದ ಮೇಲೆಯೇ ಉತ್ತರ.

ವಿಂಡೋಸ್ ಬಳಸುವವರು ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಅಂತ ಬರೆಯಲೇಬೇಕು. ಬಿಟ್ಟರೆ ಅಕ್ಷರ ಚಿಂದಿಯಾಗಬಹುದು, ಅಥವಾ ಎರರ್ ಬರಬಹುದು. ಅದೂ ಓಪನ್ ಹಾಕಿದ ಸಾಲಿನಲ್ಲಿ ಅಲ್ಲ, ಲೂಪ್ ಓಡುವಾಗ.

ಪ್ರಶ್ನೆ: ಕೊನೆಯೇ ಇಲ್ಲದ ಜನರೇಟರ್ ಬರೆಯಬಹುದಂತೆ, ಹೌದಾ?

ಹೌದು. 'ವೈಲ್ ಟ್ರೂ' ಒಳಗೆ ಈಲ್ಡ್ ಇಟ್ಟರೆ ಮುಗಿಯಿತು. ರಶೀದಿ ಸಂಖ್ಯೆ ಕೊಡುವಂಥ ಕೆಲಸಕ್ಕೆ ಒಳ್ಳೆಯದು. ಅದನ್ನು ಲಿಸ್ಟ್ ಅಥವಾ ಸಾರ್ಟೆಡ್‌ಗೆ ಮಾತ್ರ ಕೊಡಬೇಡಿ. ಮೆಮೊರಿ ತುಂಬುವ ತನಕ ಓಡುತ್ತದೆ. ಮೊದಲ ಹತ್ತು ಬೇಕಾದರೆ ಇಟರ್‌ಟೂಲ್ಸ್ ಮಾಡ್ಯೂಲಿನ ಐಸ್ಲೈಸ್ ಇದೆ. ಚೌಕ ಆವರಣದಲ್ಲಿ ಸಂಖ್ಯೆ ಹಾಕಿ ತೆಗೆಯುವುದು ಜನರೇಟರ್‌ನಲ್ಲಿ ನಡೆಯದು.

ಪ್ರಶ್ನೆ: ಜಿಪ್ ಮಾಡಿದ ಮೇಲೆ ಒಂದು ವಸ್ತು ಕಾಣೆಯಾಗುತ್ತದೆ.

ಜಿಪ್ ತನಗೆ ಕೊಟ್ಟವುಗಳಿಂದ ಒಂದೊಂದನ್ನು ತೆಗೆದು ಜೋಡಿ ಮಾಡುತ್ತದೆ, ಎಡದಿಂದ ಕೇಳುತ್ತಾ ಬರುತ್ತದೆ. ಎಡಗಡೆ ಜನರೇಟರ್, ಬಲಗಡೆ ಗಿಡ್ಡ ಲಿಸ್ಟ್ ಇದ್ದರೆ, ಜನರೇಟರ್‌ನಿಂದ ಒಂದನ್ನು ತೆಗೆದುಕೊಂಡ ಮೇಲೆ ಬಲಗಡೆ ಮುಗಿದದ್ದು ಅದಕ್ಕೆ ಗೊತ್ತಾಗುತ್ತದೆ. ತೆಗೆದದ್ದು ಹೋಯಿತು. ಗಿಡ್ಡದ್ದನ್ನು ಎಡಕ್ಕಿಡಿ. ಎರಡೂ ಸಮ ಇರಲೇಬೇಕೆಂದರೆ ಪೈಥಾನ್ 3.10ರಿಂದ ಸ್ಟ್ರಿಕ್ಟ್ ಎಂಬ ಆಯ್ಕೆ ಇದೆ. ಸಮ ಇಲ್ಲದಿದ್ದರೆ ಎರರ್ ಕೊಡುತ್ತದೆ.

ಪ್ರಶ್ನೆ: ಸೆಂಡ್, ಈಲ್ಡ್ ಫ್ರಮ್ ಇವೆಲ್ಲ ಈಗಲೇ ಕಲಿಯಬೇಕಾ?

ಈಲ್ಡ್ ಫ್ರಮ್ ಕಲಿಯಿರಿ. ಒಂದು ಜನರೇಟರ್ ಒಳಗಿನಿಂದ ಇನ್ನೊಂದರ ಎಲ್ಲವನ್ನೂ ಹೊರಗೆ ಕೊಡಲು ಒಂದೇ ಸಾಲು ಸಾಕು. 2012ರ 3.3ನೇ ಆವೃತ್ತಿಯಲ್ಲಿ ಬಂತು. ಸೆಂಡ್ 2006ರಲ್ಲೇ, 2.5ನೇ ಆವೃತ್ತಿಯಲ್ಲಿ ಬಂದಿದೆ. ನಿಂತ ಜನರೇಟರ್‌ಗೆ ಹೊರಗಿನಿಂದ ಬೆಲೆ ಕೊಡಲು ಅದು. ಸದ್ಯಕ್ಕೆ ಬಿಡಿ.

ಪ್ರಶ್ನೆ: ಜನರೇಟರ್ ಒಳಗೆ ಸ್ಟಾಪ್ ಇಟರೇಷನ್ ಎಬ್ಬಿಸಿದರೆ ರನ್‌ಟೈಮ್ ಎರರ್ ಬರುತ್ತದೆ. ಹಳೆ ಪುಸ್ತಕದಲ್ಲಿ ಹಾಗೆಯೇ ಇದೆಯಲ್ಲ?

2018ರ 3.7ರಿಂದ ನಿಯಮ ಬದಲಾಗಿದೆ. ನಿಲ್ಲಿಸಬೇಕಾದರೆ ಬರೀ ರಿಟರ್ನ್ ಬರೆಯಿರಿ. ಜನರೇಟರ್ ಒಳಗೆ ನೀವು ಇನ್ನೊಂದು ಐಟರೇಟರ್ ಮೇಲೆ ನೆಕ್ಸ್ಟ್ ಕರೆದಿದ್ದು, ಆ ಐಟರೇಟರ್ ಖಾಲಿಯಾಗಿದ್ದರೂ ಇದೇ ಎರರ್. ಅಲ್ಲಿ ಟ್ರೈ ಹಾಕಿ ಹಿಡಿಯಿರಿ, ಅಥವಾ ನೆಕ್ಸ್ಟ್‌ಗೆ ಎರಡನೇ ಆರ್ಗ್ಯುಮೆಂಟ್ ಆಗಿ 'ನನ್' (ಏನೂ ಇಲ್ಲ ಎನ್ನುವ ಪೈಥಾನ್ ಬೆಲೆ, None) ಕೊಡಿ.

ಪ್ರಶ್ನೆ: ಇನ್ನು ಮೇಲೆ ಎಲ್ಲ ಕಡೆ ಜನರೇಟರೇ ಹಾಕಬಹುದಾ?

ಬೇಡ. ಐವತ್ತು ಹೆಸರಿನ ಪಟ್ಟಿಗೆ ಲಿಸ್ಟೇ ಒಳ್ಳೆಯದು. ಉದ್ದ ಕೇಳಬಹುದು, ಎರಡು ಸಲ ನೋಡಬಹುದು, ಪ್ರಿಂಟ್ ಮಾಡಿದರೆ ಒಳಗೇನಿದೆ ಅಂತ ಕಾಣುತ್ತದೆ. ಜನರೇಟರ್ ಪ್ರಿಂಟ್ ಮಾಡಿದರೆ ಮೆಮೊರಿ ವಿಳಾಸ ಮಾತ್ರ. ವೇಗದಲ್ಲೂ ಜನರೇಟರ್ ಯಾವಾಗಲೂ ಮುಂದೆ ಇರುವುದಿಲ್ಲ. ಪ್ರತಿ ವಸ್ತುವಿಗೂ ನಿಂತು ಎದ್ದು ಓಡುವ ಖರ್ಚು ಇದೆ. ಸ್ಟ್ರಿಂಗ್‌ನ ಜಾಯಿನ್‌ಗೆ ಜನರೇಟರ್ ಕೊಟ್ಟರೆ ಅದು ಒಳಗೊಳಗೇ ಲಿಸ್ಟ್ ಮಾಡಿಕೊಳ್ಳುತ್ತದೆ, ಉಳಿತಾಯ ಏನೂ ಇಲ್ಲ. ಸಾರ್ಟೆಡ್ ಕೂಡ ಎಲ್ಲವನ್ನೂ ಒಟ್ಟು ಹಾಕಲೇಬೇಕು. ಟೀ ಎಂಬ ಫಂಕ್ಷನ್ ಒಂದು ಐಟರೇಟರನ್ನು ಎರಡು ಮಾಡುತ್ತದೆ ನಿಜ. ಆದರೆ ಒಂದನ್ನು ಪೂರ್ತಿ ಓದಿ ಆಮೇಲೆ ಇನ್ನೊಂದಕ್ಕೆ ಹೋಗುವುದಾದರೆ ಅದು ಎಲ್ಲವನ್ನೂ ಒಳಗೆ ಕೂಡಿಟ್ಟಿರುತ್ತದೆ. ಅದಕ್ಕಿಂತ ನೇರವಾಗಿ ಲಿಸ್ಟ್ ಮಾಡಿಕೊಳ್ಳಿ.

ಫೈಲ್ ದೊಡ್ಡದು, ಒಂದೇ ಸಲ ಓದಿದರೆ ಸಾಕು, ಅಥವಾ ಮಧ್ಯದಲ್ಲೇ ನಿಲ್ಲಿಸುವ ಸಾಧ್ಯತೆ ಇದೆ ಎಂದಾದರೆ ಜನರೇಟರ್ ಹಾಕಿ.